ಪಾದ್ರಿಯ ದಿನಚರಿ, ಹೊಲೆಯರ ಪ್ರಶ್ನೆ

ತೆಂಗಿನಗುಂಡಿಯಲ್ಲಿ ಹಳೇ ಮನೆಗಳ ಮಾಡು ನೋಡಿ. ಕೆಂಪು ಹೆಂಚು. ಭಟ್ಕಳ, ಹೊನ್ನಾವರ, ಕುಮಟಾ ಎಲ್ಲಿ ಹೋದರೂ ನಮ್ಮ ಜನ ಅದನ್ನು ಮಂಗಳೂರು ಹೆಂಚು ಅಂತಲೇ ಕರೀತಾರೆ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಈ ಹೆಂಚಿನ ಕಾರ್ಖಾನೆ ತೆರೆದದ್ದು ಬಾಸೆಲ್ ಮಿಶನ್. ಹೆಂಚು ನಮಗೆ ಗೊತ್ತು. ಅದನ್ನು ಮಾಡಿಸಿದ ಪಾದ್ರಿಗಳು ಯಾರು, ಏನು ನಂಬಿ ಬಂದರು, ಮಣ್ಣು ತುಳಿದವರು ಯಾರು ಅನ್ನೋದು ಗೊತ್ತಿಲ್ಲ. ಶಾಲೆಯ ಪಾಠದಲ್ಲಿ ನಮಗೆ ಸಿಕ್ಕಿದ್ದು ಒಂದೇ ಸಾಲು: ಕಿಟ್ಟೆಲ್ ನಿಘಂಟು ಬರೆದರು.

ಪಾದ್ರಿಗಳ ಬಗ್ಗೆ ನಮ್ಮಲ್ಲಿ ಎರಡು ಕತೆ ಇವೆ. ಒಂದು, ಅವರು ನಮ್ಮನ್ನು ಉದ್ಧಾರ ಮಾಡಿದ ದೇವದೂತರು ಅನ್ನೋದು. ಇನ್ನೊಂದು, ಅನ್ನದ ಆಸೆ ತೋರಿಸಿ ಬಡವರನ್ನು ಕೆಡಿಸಿದರು ಅನ್ನೋದು. ಎರಡೂ ಕತೆಗಳಲ್ಲಿ ದಲಿತನಿಗೆ ಮಾತಿಲ್ಲ. ಒಂದರಲ್ಲಿ ಅವನು ಎತ್ತಿಕೊಳ್ಳಬೇಕಾದ ಕೂಸು, ಇನ್ನೊಂದರಲ್ಲಿ ಅನ್ನಕ್ಕೆ ಮಾರಿಕೊಂಡ ಮನುಷ್ಯ. ಇವೆರಡನ್ನೂ ಬದಿಗಿಟ್ಟು ನಡೆದದ್ದನ್ನು ನೋಡಬೇಕು.

ಈಸ್ಟ್ ಇಂಡಿಯಾ ಕಂಪನಿಯ 1833ರ ಸನ್ನದು ಬ್ರಿಟಿಷರಲ್ಲದ ಪಾದ್ರಿಗಳಿಗೂ ಬಾಗಿಲು ತೆರೆಯಿತು. ಮರುವರ್ಷವೇ, 1834ರಲ್ಲಿ, ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಆಗ ಮಂಗಳೂರೂ ಭಟ್ಕಳವೂ ಒಂದೇ ಕೆನರಾ ಜಿಲ್ಲೆ, ಮದರಾಸಿನ ಆಡಳಿತ. ಉತ್ತರ ಕೆನರಾ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದು 1862ರಲ್ಲಿ. ಬಾಸೆಲ್ ಮಿಶನ್‌ನಿಂದ ಬಂದವರಲ್ಲಿ ಬಹಳ ಮಂದಿ ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಕಡೆಯ ರೈತರ, ಕುಶಲಕರ್ಮಿಗಳ ಮಕ್ಕಳು. ಓದಿದ ಮನೆತನದವರು ಕಡಿಮೆ. ಹರ್ಮನ್ ಮೋಗ್ಲಿಂಗ್ ಅಂಥ ಕೆಲವರಲ್ಲಿ ಒಬ್ಬ. 1811ರಲ್ಲಿ ಹುಟ್ಟಿದ ಅವನು 1836ರಲ್ಲಿ ಇಲ್ಲಿಗೆ ಬಂದಾಗ ಇಪ್ಪತ್ತೈದರ ಹುಡುಗ.

ಇವರ ದಿನ ಹೇಗಿತ್ತು? ಪ್ರಾರ್ಥನೆ, ಬೈಬಲ್ ಓದು, ಆಮೇಲೆ ಮುನ್ಶಿಯ ಮುಂದೆ ಕೂತು ಕನ್ನಡ ಅಕ್ಷರ ತಿದ್ದೋದು. ಹುಡುಗರಿಗೆ ಪಾಠ. ಸಂತೆ, ಜಾತ್ರೆಗೆ ಹೋಗಿ ಬೋಧನೆ. ಜನ ನಗ್ತಿದ್ದರು, ವಾದಕ್ಕೆ ನಿಲ್ತಿದ್ದರು. ಮಾಡಿದ ಕೆಲಸದ ವರದಿಯನ್ನು ದೂರದ ಬಾಸೆಲ್‌ನ ಸಮಿತಿಗೆ ಬರೆದು ಕಳಿಸಬೇಕು. ಮದುವೆಯಾಗೋದಕ್ಕೂ ಆ ಸಮಿತಿಯ ಅಪ್ಪಣೆ ಬೇಕು. ಜ್ವರ, ಭೇದಿಗೆ ಎಷ್ಟೋ ಜನ ಚಿಕ್ಕ ವಯಸ್ಸಿಗೇ ಹೋದರು. ಬೈಬಲಿನ ಕನ್ನಡ ಅನುವಾದಕ್ಕೆ ದುಡಿದ ಗಾಟ್‌ಫ್ರೀಡ್ ವೈಗ್ಲೆ 1855ರಲ್ಲಿ ತೀರಿಕೊಂಡಾಗ ಅವನಿಗೆ ನಲವತ್ತೂ ತುಂಬಿರಲಿಲ್ಲ.

ಅವರ ನಂಬಿಕೆ ನೇರವಾದದ್ದು. ಮನುಷ್ಯ ಪಾಪಿ, ಕ್ರಿಸ್ತನ ಕೃಪೆಯೊಂದೇ ದಾರಿ. ಇದರೊಳಗೆ ನಮ್ಮ ದೇವರು, ದೈವಗಳ ಬಗ್ಗೆ ತಿರಸ್ಕಾರವೂ ಇತ್ತು. ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅದೇ ನಂಬಿಕೆಯಿಂದ ಇನ್ನೊಂದು ಮಾತೂ ಹುಟ್ಟಿತು. ಬ್ರಾಹ್ಮಣನೂ ಪಾಪಿ, ಹೊಲೆಯನೂ ಪಾಪಿ ಅಂದ ಮೇಲೆ ಇಬ್ಬರಿಗೂ ಒಂದೇ ಬಾಗಿಲು, ಒಂದೇ ಪಂಕ್ತಿ. ಸಭೆಯೊಳಗೆ ಜಾತಿ ಇಟ್ಟುಕೊಳ್ಳಬಾರದು ಅಂತ ಬಾಸೆಲ್‌ನವರು ಪಟ್ಟು ಹಿಡಿದರು. ಪಾಪದಲ್ಲಾದರೂ ಸಮಾನತೆ ಸಿಕ್ಕಿತು ಅಂತ ನಾವು ಕಹಿಯಾಗಿ ನಗಬಹುದು. ಆದರೆ ಆ ಕಾಲದ ಕರಾವಳಿಯಲ್ಲಿ ಹೊಲೆಯರನ್ನು ಭೂಮಿಯ ಜೊತೆಗೇ ಮಾರ್ತಿದ್ದರು. ಕೋರ್ಟುಗಳು ಗುಲಾಮರ ಮೇಲಿನ ಹಕ್ಕನ್ನು ಎತ್ತಿಹಿಡಿಯಬಾರದು ಅಂತ ಕಾಯಿದೆ ಬಂದದ್ದು 1843ರಲ್ಲಿ. ಅದು ಶಿಕ್ಷೆಯ ಅಪರಾಧವಾದದ್ದು 1862ರಲ್ಲಿ ಜಾರಿಗೆ ಬಂದ ದಂಡ ಸಂಹಿತೆಯಿಂದ.

1843ರ ಜುಲೈ 1ರಂದು ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ತಂದ. 1844ರ ಜನವರಿಯಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಯುವಕನಿಗೆ ದೀಕ್ಷಾಸ್ನಾನವಾಯಿತು. ಇನ್ನೂ ಇಪ್ಪತ್ತು ತುಂಬದ ಹುಡುಗ. ಊರಲ್ಲಿ ಗಲಭೆ ಎದ್ದಿತು. ಬಡಜಾತಿಯವರು ಮತಾಂತರವಾದಾಗ ಇಷ್ಟು ಗಲಭೆ ಇರಲಿಲ್ಲ. ಬ್ರಾಹ್ಮಣನೊಬ್ಬ ದಾಟಿದ್ದಕ್ಕೆ ಪೇಟೆಗೆ ಪೇಟೆಯೇ ಕುದಿಯಿತು. ಕೌಂಡಿನ್ಯ 1846ರಲ್ಲಿ ಬಾಸೆಲ್‌ಗೆ ಹೋಗಿ, ಕಲಿತು, 1851ರಲ್ಲಿ ಪಾದ್ರಿಯಾಗಿ ತಿರುಗಿ ಬಂದ. ಮುಂದೆ ಅವನೂ ಮೋಗ್ಲಿಂಗೂ ಕೊಡಗಿಗೆ ಹೋದರು. ಅಲ್ಲಿ ಜೀತದಲ್ಲಿದ್ದ ಹೊಲೆಯರಿಗಾಗಿ ಒಂದು ನೆಲೆ ಎದ್ದಿತು. ಅದರ ಹೆಸರು ಆನಂದಪುರ.

ಇಲ್ಲಿ ನಿಂತು ಯೋಚನೆ ಮಾಡಬೇಕು. ಆ ಹೊಲೆಯರು ಯಾಕೆ ಬಂದರು? ಅನ್ನಕ್ಕೆ ಅಂತೀರಾ? ಹೌದು, ಅನ್ನಕ್ಕೇ ಬಂದಿರಬಹುದು. ಹಸಿದವನು ಅನ್ನ ಕೇಳೋದು ತಪ್ಪಾ? ಒಡೆಯನ ಕೈಯಿಂದ ಬಿದ್ದ ಅನ್ನಕ್ಕೂ ತನ್ನದೇ ಒಲೆಯ ಅನ್ನಕ್ಕೂ ವ್ಯತ್ಯಾಸ ಇದೆ. ಆ ವ್ಯತ್ಯಾಸಕ್ಕೆ ಧರ್ಮ ಅಂತ ಹೆಸರಿಟ್ಟರೆ ಅದರಲ್ಲಿ ಸುಳ್ಳೇನಿದೆ? ಆದರೂ ಊರಿನ ಹೆಸರಾಗಿ ಉಳಿದದ್ದು ಆನಂದರಾಯನದು. ಕಾಡು ಕಡಿದವರ ಹೆಸರು ನಮ್ಮ ಪಠ್ಯಗಳಿಗೆ ಬರಲಿಲ್ಲ.

ಹೆಂಚಿನ ಕಾರ್ಖಾನೆಯೂ ಹೀಗೇ ಹುಟ್ಟಿದ್ದು. ಕ್ರೈಸ್ತರಾದ ಮೂರ್ತೆದಾರರು ಕಳ್ಳು ಇಳಿಸೋದು ಬಿಡಬೇಕಾಯಿತು. ಗೇಣಿದಾರರು ಭೂಮಿ ಕಳಕೊಂಡರು. ಅವರಿಗೆ ಕೆಲಸ ಬೇಕಾಗಿತ್ತು. ನೇಯ್ಗೆ, ಮುದ್ರಣ, ಹೆಂಚು ಬಂತು. ಪಾದ್ರಿಯೇ ಗುರು, ಪಾದ್ರಿಯೇ ಧಣಿ. ಬೆಳಿಗ್ಗೆ ಪ್ರಾರ್ಥನೆ, ಆಮೇಲೆ ಮಣ್ಣು. ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷ್ ಸರಕಾರ ಜರ್ಮನರನ್ನು ಹಿಡಿದು ಕೂಡಿಟ್ಟಿತು, ಕಾರ್ಖಾನೆಗಳು ಬೇರೆಯವರ ಕೈಗೆ ಹೋದವು. ಮಣ್ಣು ತುಳಿಯೋ ಕಾಲು ಮಾತ್ರ ಅವೇ.

ಇನ್ನು ಕಿಟ್ಟೆಲ್. 1853ರಲ್ಲಿ ಬಂದಾಗ ಅವನಿಗೆ ಇಪ್ಪತ್ತೊಂದು. ಭಾರತೀಯರಲ್ಲಿ ಭಾರತೀಯನಾಗಬೇಕು ಅನ್ನೋದು ಅವನ ಹಟ. ಜನರ ಭಾಷೆ, ಆಚಾರ, ಹಾಡು ಎಲ್ಲ ಕಲಿಯೋದಕ್ಕೆ ಕೂತ. ಜೊತೆಯ ಪಾದ್ರಿಗಳಿಗೆ ಇದು ಹಿಡಿಸಲಿಲ್ಲ. ಅವನನ್ನು ಮಲಮಗನ ಹಾಗೆ ನಡೆಸಿಕೊಂಡರು. ಕ್ರಿಸ್ತನ ಕತೆಯನ್ನು ಕನ್ನಡದ ಛಂದಸ್ಸಿನಲ್ಲಿ ಹೇಳುವ 'ಕಥಾಮಾಲೆ' 1862ರಲ್ಲಿ ಬಂತು, ನಿಘಂಟು 1894ರಲ್ಲಿ. ನಿಘಂಟನ್ನು ಪಂಡಿತರು ಹೊಗಳಿದರು. ಆದರೆ ಅದರೊಳಗಿನ ನೇಗಿಲು, ಬಲೆ, ಮಗ್ಗದ ಮಾತುಗಳು ದುಡಿಯೋ ಜನ ಬಾಯಲ್ಲಿ ಉಳಿಸಿಕೊಂಡು ಬಂದ ಆಸ್ತಿ.

ಸಭೆಗೆ ಸೇರಿದ ಮೇಲೆ ಜಾತಿ ಸತ್ತಿತಾ? ಇಲ್ಲ. ಒಂದೇ ಬಟ್ಟಲಿನ ರಸ ಕುಡಿದವರೂ ಹೆಣ್ಣು ತರುವಾಗ ಬೇರು ಹುಡುಕಿದರು. ಸರಕಾರದ ಲೆಕ್ಕ ಮಾತ್ರ ಬೇರೆ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯನ್ನು ಹಿಂದೂಗಳಿಗೆ ಸೀಮಿತ ಮಾಡಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತ ದಲಿತರನ್ನು ಹೊರಗೇ ನಿಲ್ಲಿಸಿದರು. ಊರಿನವರಿಗೆ ಅವನು ಇನ್ನೂ ಹೊಲೆಯ, ಕಚೇರಿಗೆ ಮಾತ್ರ ಅಲ್ಲ. ಇದಕ್ಕೆ ಪಾದ್ರಿಯ ಬೈಬಲ್ಲೂ ಉತ್ತರ ಕೊಡಲಿಲ್ಲ, ನಮ್ಮ ಸಂಘಟನೆಗಳೂ ಸಾಕಷ್ಟು ಕೇಳಲಿಲ್ಲ.

ಹಳ್ಳಿಯ ಮೇಷ್ಟ್ರುಗಳೇ, ಗೆಳೆಯರೇ, ಒಂದು ಕೆಲಸ ಮಾಡೋಣ. ಪಾದ್ರಿ ತನ್ನ ದಿನದ ಲೆಕ್ಕ ಬರೆದಿಟ್ಟ. ಅದಕ್ಕೇ ಅವನು ಚರಿತ್ರೆಯಲ್ಲಿ ಉಳಿದ. ನಮ್ಮ ಮುದುಕ ಮುದುಕಿಯರ ದಿನದ ಲೆಕ್ಕ ಯಾರೂ ಬರೆದಿಲ್ಲ. ಬಲೆ ಎಳೆದವರು, ಹೆಂಚು ಹೊತ್ತವರು, ದೇವರು ಬದಲಾಯಿಸಿದವರು, ಬದಲಾಯಿಸದವರು ಎಲ್ಲರ ಮನೆಗೂ ಹೋಗಿ ಕೇಳಿ, ಬರೆದಿಡಿ. ಅವರು ಇರುವಾಗಲೇ ಬರೆದಿಡಿ.