ಟೆಕ್ಸಾರ್ಕಾನಾ ನಗರದ ಕೊಲೆಗಳೂ ೧೯೭೬ರ ಚಲಚ್ಚಿತ್ರವೂ

೧

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಟೆಕ್ಸಾಸ್, ಆರ್ಕನ್ಸಾ ಎಂಬ ಎರಡು ಸಂಸ್ಥಾನಗಳ ಎಲ್ಲೆಯ ಮೇಲೆ ಟೆಕ್ಸಾರ್ಕಾನಾ ಎಂಬ ಊರು ಇದೆ. ರೈಲುಮಾರ್ಗಗಳು ಸಂಧಿಸುವ ಸ್ಥಳದಲ್ಲಿ ೧೮೭೩ರಲ್ಲಿ ಹುಟ್ಟಿದ ಈ ಊರಿನ ನಡುಬೀದಿಯೇ ಎರಡು ಸಂಸ್ಥಾನಗಳ ಗಡಿ. ಅಂಚೆಯ ಕಚೇರಿಯ ಕಟ್ಟಡವು ಅರ್ಧ ಇತ್ತ, ಅರ್ಧ ಅತ್ತ ನಿಂತಿದೆ. ಹೀಗೆ ಒಂದೇ ಊರಿಗೆ ಎರಡು ಪುರಸಭೆಗಳು, ಇಬ್ಬರು ಷೆರಿಫರು, ಎರಡು ಬಗೆಯ ಕಾನೂನು ಒದಗಿವೆ.

ಈ ಊರಿನ ಸುತ್ತ ೧೯೪೬ರಲ್ಲಿ ನಡೆದ ಕೊಲೆಗಳನ್ನು ವಸ್ತುವಾಗಿ ಮಾಡಿಕೊಂಡು ೧೯೭೬ರಲ್ಲಿ ‘ದಿ ಟೌನ್ ದಟ್ ಡ್ರೆಡೆಡ್ ಸನ್‌ಡೌನ್’ ಎಂಬ ಚಲಚ್ಚಿತ್ರವು ಹೊರಬಂದಿತು. ‘ಸೂರ್ಯಾಸ್ತಕ್ಕೆ ಅಂಜಿದ ಊರು’ ಎಂದು ಅದರ ಅರ್ಥ. ಮುಂದೆ ‘ಸ್ಲಾಶರ್’ ಎಂದು ಹೆಸರಾದ, ಮುಖ ಮುಚ್ಚಿಕೊಂಡ ಕೊಲೆಗಡುಕನು ತರುಣ ತರುಣಿಯರನ್ನು ಒಬ್ಬೊಬ್ಬರನ್ನಾಗಿ ಕೊಲ್ಲುತ್ತ ಹೋಗುವ ಭೀಕರ ಚಿತ್ರಗಳ ಸಾಲಿನಲ್ಲಿ ಇದು ಮೊದಮೊದಲಿನದು. ಆ ಜಾತಿಗೆ ಲೋಕಪ್ರಸಿದ್ಧಿಯನ್ನು ತಂದುಕೊಟ್ಟ ‘ಹ್ಯಾಲೊವೀನ್’ ಎಂಬ ಚಿತ್ರವು ಇದಕ್ಕಿಂತ ಎರಡು ವರ್ಷಗಳಷ್ಟು ಈಚಿನದು. ಈ ಚಿತ್ರದ ಗುಣದೋಷಗಳ ವಿಮರ್ಶೆಯು ಇಲ್ಲಿ ಪ್ರಧಾನವಲ್ಲ. ಸಾಕ್ಷ್ಯಗಳಿಂದ ತಿಳಿದಿದ್ದ ಒಂದು ವೃತ್ತಾಂತವನ್ನು ಕಲ್ಪಿತ ಕಥೆಯೊಂದು ಮೂವತ್ತು ವರ್ಷಗಳ ತರುವಾಯ ಹೇಗೆ ಮರೆಮಾಡಿತು, ನೋಡಿದವರು ಅದನ್ನು ಯಾವ ಯಾವ ರೀತಿಯಲ್ಲಿ ಅಂಗೀಕರಿಸಿದರು ಎಂಬುದೇ ಇಲ್ಲಿಯ ವಿಚಾರ.

೨

ಮೊದಲು ನಡೆದ ಸಂಗತಿಯನ್ನು ತಿಳಿಯುವುದು ಅವಶ್ಯಕ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಊರಿನ ಪಕ್ಕದಲ್ಲಿ ಸೈನ್ಯದ ಉಗ್ರಾಣವೂ ಮದ್ದುಗುಂಡಿನ ಕಾರ್ಖಾನೆಯೂ ಸ್ಥಾಪಿತವಾಗಿ ಜನಸಂಖ್ಯೆಯು ಬೆಳೆದಿತ್ತು. ಯುದ್ಧ ಮುಗಿದ ಮರುವರ್ಷ, ೧೯೪೬ನೆಯ ಫೆಬ್ರವರಿ ೨೨ರ ರಾತ್ರಿ, ನಿರ್ಜನವಾದ ದಾರಿಯಲ್ಲಿ ಮೋಟಾರು ನಿಲ್ಲಿಸಿಕೊಂಡಿದ್ದ ಒಬ್ಬ ತರುಣ, ಒಬ್ಬ ತರುಣಿ ಇವರ ಮೇಲೆ ಅಪರಿಚಿತನೊಬ್ಬನು ಬಿದ್ದು ಕ್ರೂರವಾಗಿ ಹೊಡೆದನು. ಇಬ್ಬರೂ ಬದುಕಿ ಉಳಿದರು. ಮಾರ್ಚಿ ೨೪ರ ಬೆಳಗ್ಗೆ ಮತ್ತೊಂದು ಮೋಟಾರಿನಲ್ಲಿ ಇಬ್ಬರ ಶವಗಳು ದೊರೆತುವು. ಏಪ್ರಿಲ್ ೧೪ರ ನಸುಕಿನಲ್ಲಿ ಇನ್ನಿಬ್ಬರು ಹತರಾದರು. ಅವರಲ್ಲಿ ಒಬ್ಬಳು ಹದಿನೈದು ವಯಸ್ಸಿನ ಬಾಲಿಕೆ. ಮೇ ೩ರ ರಾತ್ರಿ ಆರ್ಕನ್ಸಾ ಕಡೆಯ ಹೊಲದ ಮನೆಯೊಂದರಲ್ಲಿ ಕುಳಿತಿದ್ದ ಗೃಹಸ್ಥನನ್ನು ಕಿಟಕಿಯ ಹೊರಗಿನಿಂದ ಗುಂಡಿಟ್ಟು ಕೊಲ್ಲಲಾಯಿತು. ಅವನ ಪತ್ನಿಯು ಮುಖಕ್ಕೆ ಗುಂಡು ತಗುಲಿದ್ದರೂ ಓಡಿಹೋಗಿ ಪ್ರಾಣವನ್ನುಳಿಸಿಕೊಂಡಳು. ಒಟ್ಟಿನಲ್ಲಿ ಸತ್ತವರು ಐವರು. ಗಾಯಗೊಂಡು ಉಳಿದವರು ಮೂವರು.

ಕೊಲೆಗಾರನಾರೆಂಬುದು ನ್ಯಾಯಾಸ್ಥಾನದಲ್ಲಿ ಎಂದೂ ಸಿದ್ಧವಾಗಲಿಲ್ಲ. ಎರಡನೆಯ ಮತ್ತು ಮೂರನೆಯ ಸಂದರ್ಭಗಳಲ್ಲಿ ೦.೩೨ ಅಂಗುಲದ ಗುಂಡೂ, ನಾಲ್ಕನೆಯದರಲ್ಲಿ ೦.೨೨ ಅಂಗುಲದ ಗುಂಡೂ ದೊರೆತುದರಿಂದ, ಕೊನೆಯ ಕೊಲೆಯನ್ನು ಮಾಡಿದವನು ಬೇರೊಬ್ಬನೇ ಇರಬಹುದೆಂಬ ಸಂಶಯಕ್ಕೂ ಎಡೆಯುಂಟು. ಮೋಟಾರು ಕಳವಿನ ಅಪರಾಧಿಯೊಬ್ಬನ ಮೇಲೆ ಪೋಲೀಸರಿಗೆ ಬಲವಾದ ಅನುಮಾನವಿತ್ತು. ಅವನ ಹೆಂಡತಿಯು ಕೊಟ್ಟ ಹೇಳಿಕೆಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಗಂಡನಿಗೆ ವಿರೋಧವಾಗಿ ಸಾಕ್ಷಿ ನುಡಿಯುವಂತೆ ಅವಳನ್ನು ಬಲಾತ್ಕರಿಸಲು ಕಾನೂನಿನಲ್ಲಿ ಅವಕಾಶವೂ ಇರಲಿಲ್ಲ. ಆದಕಾರಣ ಅವನ ಮೇಲೆ ಕೊಲೆಯ ಆಪಾದನೆಯು ಬರಲೇ ಇಲ್ಲ. ೧೯೪೭ರಲ್ಲಿ ಪುನಃ ಪುನಃ ಕಳವು ಮಾಡಿದುದಕ್ಕಾಗಿ ಜೀವಾವಧಿ ಶಿಕ್ಷೆಯನ್ನು ಹೊಂದಿ, ೧೯೭೩ರಲ್ಲಿ ಬಿಡುಗಡೆಯಾದನು.

ಐತಿಹ್ಯದ ಬೀಜವು ಆಗಲೇ ಬಿದ್ದಿತ್ತು. ಊರಿನ ‘ಗೆಜೆಟ್’ ಪತ್ರಿಕೆಯು ಕಾಣದ ಕೊಲೆಗಾರನಿಗೆ ‘ಫ್ಯಾಂಟಮ್’, ಎಂದರೆ ಕಣ್ಣಿಗೆ ಬಿದ್ದಂತೆ ತೋರಿ ಕೈಗೆ ಸಿಕ್ಕದ ಛಾಯಾರೂಪಿ, ಎಂಬ ಹೆಸರನ್ನಿಟ್ಟಿತು. ಅಂಗಡಿಗಳಲ್ಲಿ ಬಂದೂಕು, ಬೀಗ, ಕಿಟಕಿಯ ತೆರೆಗಳಿಗೆ ವಿಪರೀತವಾದ ಬೇಡಿಕೆಯುಂಟಾಯಿತು. ಸಂಜೆಯಾದೊಡನೆ ಬೀದಿಗಳು ಬರಿದಾದುವು. ಟೆಕ್ಸಾಸ್ ರೇಂಜರ್ ದಳದ ಪ್ರಖ್ಯಾತ ಕ್ಯಾಪ್ಟನ್ ಗೊನ್ಜಾಲಸ್ ಎಂಬವನು ಬಂದು ಬೀಡುಬಿಟ್ಟನು. ಕೊಲೆಗಾರನು ಮೂರು ವಾರಗಳಿಗೊಮ್ಮೆ ಹೊರಡುವನೆಂಬ ಮಾತು ಜನರಲ್ಲಿ ಹರಡಿತು. ದಿನಗಳನ್ನು ಎಣಿಸಿ ನೋಡಿದರೆ ಅಂತರಗಳು ಕ್ರಮವಾಗಿ ೩೦, ೨೧, ೧೯ ದಿನಗಳಾಗುತ್ತವೆ. ಸರಿಯಾಗಿ ಮೂರು ವಾರದ ಲೆಕ್ಕಕ್ಕೆ ಬರುವುದು ಒಂದು ಮಾತ್ರ. ಭಯವು ಲೆಕ್ಕವನ್ನು ನೋಡುವುದಿಲ್ಲ. ಕ್ರಮವಿಲ್ಲದಲ್ಲಿಯೂ ಕ್ರಮವನ್ನು ಕಾಣುತ್ತದೆ.

೩

ಈ ವಸ್ತುವನ್ನು ಚಿತ್ರಕ್ಕೆ ಅಳವಡಿಸಿದ ಚಾರ್ಲ್ಸ್ ಬಿ. ಪಿಯರ್ಸ್ ಹೊರಗಿನವನಲ್ಲ. ಆರ್ಕನ್ಸಾ ಸಂಸ್ಥಾನದಲ್ಲಿ ಬೆಳೆದು ಟೆಕ್ಸಾರ್ಕಾನಾದಲ್ಲಿಯೇ ವೃತ್ತಿಯನ್ನು ನಡೆಸಿದ್ದವನು. ೧೯೩೮ರಲ್ಲಿ ಹುಟ್ಟಿದ ಅವನು ಕೊಲೆಗಳು ನಡೆದಾಗ ಎಳೆಯ ಬಾಲಕ. ೧೯೭೨ರಲ್ಲಿ, ಸಮೀಪದ ಫೌಕ್ ಎಂಬ ಹಳ್ಳಿಯ ಕಾಡುಮನುಷ್ಯನ ಐತಿಹ್ಯವನ್ನು ‘ದಿ ಲೆಜೆಂಡ್ ಆಫ್ ಬಾಗ್ಗಿ ಕ್ರೀಕ್’ ಎಂಬ ಚಿತ್ರವಾಗಿ ಅಲ್ಪ ವೆಚ್ಚದಲ್ಲಿ ತಯಾರಿಸಿ ಅವನು ಅಪಾರ ಲಾಭವನ್ನು ಪಡೆದಿದ್ದನು. ಗ್ರಾಮಸ್ಥರನ್ನೇ ನಟರನ್ನಾಗಿ ನಿಲ್ಲಿಸುವುದು, ಮರೆಯಿಂದ ಗಂಭೀರ ಕಂಠವೊಂದು ವರದಿಯನ್ನು ಓದುವಂತೆ ಕಥೆ ಹೇಳುವುದು, ಇವು ಆ ಚಿತ್ರದ ವಿಧಾನಗಳು. ಅದೇ ವಿಧಾನವನ್ನು ಅವನು ೧೯೭೬ರಲ್ಲಿಯೂ ಅನುಸರಿಸಿದನು. ಆದರೆ ಹಿಂದಿನ ಚಿತ್ರದ ವಿಷಯವು ಇದೆಯೋ ಇಲ್ಲವೋ ತಿಳಿಯದ ಒಂದು ಪ್ರಾಣಿ. ಈ ಚಿತ್ರದ ವಿಷಯವು ಅಣ್ಣತಮ್ಮಂದಿರೂ ನೆರೆಹೊರೆಯವರೂ ಇನ್ನೂ ಬದುಕಿದ್ದ ಐವರ ಮರಣ. ಈ ಭೇದವನ್ನು ಆ ವಿಧಾನವು ಗಣನೆಗೆ ತರಲಿಲ್ಲ.

ಕಥೆಯನ್ನು ಅರ್ಲ್ ಇ. ಸ್ಮಿತ್ ಬರೆದನು. ರೇಂಜರ್ ಕ್ಯಾಪ್ಟನ್ನನ ಪಾತ್ರವನ್ನು, ಅದಕ್ಕೆ ಮೊದಲೇ ಆಸ್ಕರ್ ಪಾರಿತೋಷಕವನ್ನು ಪಡೆದಿದ್ದ ಬೆನ್ ಜಾನ್ಸನ್ ವಹಿಸಿದನು. ಪಿಯರ್ಸನು ತಾನೇ ಹಾಸ್ಯಗಾರನಾದ ಪೋಲೀಸಿನವನ ವೇಷವನ್ನು ಹಾಕಿದನು. ಊರಿನ ಜನರು ಅನೇಕರು ಸಣ್ಣ ಪಾತ್ರಗಳಲ್ಲಿ ಕಾಣಿಸಿಕೊಂಡರು. ಕೊಲೆಗಾರನು ಕಣ್ಣಿನೆಡೆಯಲ್ಲಿ ತೂತುಗಳುಳ್ಳ ಚೀಲವನ್ನು ತಲೆಗೆ ಧರಿಸಿ ಬರುತ್ತಾನೆ. ಮೊದಲನೆಯ ಹಲ್ಲೆಯಿಂದ ಉಳಿದವರ ಹೇಳಿಕೆಯು ಇದಕ್ಕೆ ಆಧಾರ. ಚಿತ್ರವು ಮುಗಿಯುವವರೆಗೂ ಆ ಮುಖವು ಬಯಲಾಗುವುದಿಲ್ಲ.

೪

ಚಿತ್ರದ ಆರಂಭದಲ್ಲಿಯೇ ಒಂದು ಪ್ರತಿಜ್ಞೆಯುಂಟು. ಕಥೆಯು ನಿಜವೆಂದೂ, ನಡೆದ ಸ್ಥಳದಲ್ಲಿ ನಡೆದ ಪ್ರಕಾರವೇ ತೋರಿಸಲಾಗಿದೆಯೆಂದೂ, ಹೆಸರುಗಳನ್ನು ಮಾತ್ರ ಬದಲಾಯಿಸಿದೆಯೆಂದೂ ಪ್ರೇಕ್ಷಕರಿಗೆ ತಿಳಿಸಲಾಗುತ್ತದೆ. ಈ ಪ್ರತಿಜ್ಞೆಯನ್ನು ಪರೀಕ್ಷಿಸಲು ಒಂದು ಪ್ರಸಂಗವು ಸಾಕು.

ಏಪ್ರಿಲ್ ತಿಂಗಳಲ್ಲಿ ಹತಳಾದ ಬಾಲಿಕೆಯು ಸ್ಯಾಕ್ಸಫೋನ್ ಎಂಬ ಊದುವಾದ್ಯವನ್ನು ನುಡಿಸುತ್ತಿದ್ದಳು. ಆ ರಾತ್ರಿ ವಾದ್ಯಗೋಷ್ಠಿಯಲ್ಲಿ ನುಡಿಸಿ ಗೆಳೆಯನೊಡನೆ ಹಿಂದಿರುಗುತ್ತಿದ್ದಾಗ ಇಬ್ಬರೂ ಗುಂಡಿನಿಂದ ಸತ್ತರು. ವಾದ್ಯವು ಮಾತ್ರ ಕಾಣದೆ ಹೋಯಿತು. ಕೊಲೆಗಾರನು ಅದನ್ನು ಒಯ್ದಿದ್ದರೆ ಎಲ್ಲಿಯಾದರೂ ಮಾರುವನೆಂದು ಪೋಲೀಸರು ಬಹುಕಾಲ ಹುಡುಕಿದರು. ಅದೇ ವರ್ಷದ ಅಕ್ಟೋಬರಿನಲ್ಲಿ, ಶವವು ದೊರೆತ ಸ್ಥಳದ ಹತ್ತಿರದ ಪೊದೆಗಳಲ್ಲಿ, ಪೆಟ್ಟಿಗೆಯ ಸಮೇತ ಅದು ಸಿಕ್ಕಿತು. ಯಾರೂ ಅದನ್ನು ಒಯ್ದಿರಲಿಲ್ಲ. ಆರು ತಿಂಗಳ ಶೋಧನೆಗೆ ಆಧಾರವಾಗಿದ್ದ ಒಂದೇ ಕುರುಹು ಹೀಗೆ ನಿಷ್ಫಲವಾಯಿತು.

ಚಿತ್ರದಲ್ಲಿ ಈ ವಾದ್ಯವು ಟ್ರಾಂಬೋನ್ ಆಗಿದೆ. ಕೊಲೆಗಾರನು ಹುಡುಗಿಯನ್ನು ಮರಕ್ಕೆ ಕಟ್ಟುತ್ತಾನೆ. ಟ್ರಾಂಬೋನಿನ ಹಿಂದು ಮುಂದಕ್ಕೆ ಜಾರುವ ಕೊಳವೆಯ ತುದಿಗೆ ಚಾಕುವನ್ನು ಬಿಗಿದು, ಊದುತ್ತ ಊದುತ್ತ ಇರಿಯುತ್ತಾನೆ. ಸ್ಯಾಕ್ಸಫೋನಿಗೆ ಜಾರುವ ಕೊಳವೆಯಿಲ್ಲ. ಈ ಇರಿತಕ್ಕೆ ಅದು ಒದಗುವಂತಹುದಲ್ಲ. ಸಾಕ್ಷ್ಯವಾಗಿದ್ದ ವಸ್ತುವು ಆಯುಧವಾಯಿತು; ಮೃತಳ ಪ್ರೀತಿಯ ವಾದ್ಯವು ಅವಳ ಮರಣದ ಸಾಧನವಾಯಿತು. ಚಿತ್ರವನ್ನು ನೋಡಿದವರಲ್ಲಿ ಬಹುಮಂದಿಗೆ ನೆನಪಿನಲ್ಲಿ ಉಳಿಯುವುದು ಈ ದೃಶ್ಯವೇ. ಕೊನೆಯ ಭಾಗದಲ್ಲಿ ಪೋಲೀಸರು ಕೊಲೆಗಾರನನ್ನು ಕಣ್ಣಾರೆ ಕಂಡು ಜವುಗು ನೆಲದವರೆಗೆ ಅಟ್ಟಿಸಿಕೊಂಡು ಹೋಗುವುದೂ, ರೈಲುಗಾಡಿಯೊಂದು ಅಡ್ಡಬರುವುದೂ ಕಲ್ಪಿತವೇ. ವಾಸ್ತವದಲ್ಲಿ ಅಂತಹ ಬೆನ್ನಟ್ಟುವಿಕೆಯು ನಡೆಯಲಿಲ್ಲ.

ಕಾವ್ಯನಾಟಕಗಳಲ್ಲಿ ಕಲ್ಪನೆಯು ದೋಷವಲ್ಲ. ಕಥೆಯೆಂದು ಹೇಳಿ ಕಥೆಯನ್ನು ಕಟ್ಟುವವನಿಗೆ ಸ್ವಾತಂತ್ರ್ಯವುಂಟು. ಇಲ್ಲಿ ಆಕ್ಷೇಪಕ್ಕೆ ಗುರಿಯಾಗತಕ್ಕದ್ದು ಕಲ್ಪನೆಯಲ್ಲ, ಕಲ್ಪನೆಗೆ ಮೊದಲು ಮಾಡಿದ ಪ್ರಮಾಣ. ಇಂತಹ ಚಿತ್ರಗಳಿಗೆ ಆ ಪ್ರಮಾಣವೇ ಬಲ. ನಡೆದುದೆಂದು ನಂಬಿದವನು ಹೆಚ್ಚು ಹೆದರುತ್ತಾನೆ.

೫

ಚಿತ್ರವು ೧೯೭೬ರ ಡಿಸೆಂಬರಿನಲ್ಲಿ ಬಿಡುಗಡೆಯಾಯಿತು. ಅದನ್ನು ನೋಡಿದವರನ್ನು ಮೂರು ವರ್ಗಗಳಾಗಿ ವಿಂಗಡಿಸಬಹುದು.

ಮೊದಲನೆಯವರು ಊರಿನ ಅಧಿಕಾರಿಗಳು. ೧೯೪೬ರಲ್ಲಿ ಐವರನ್ನು ಕೊಂದವನು ಇಂದಿಗೂ ಟೆಕ್ಸಾರ್ಕಾನಾದ ಬೀದಿಗಳಲ್ಲಿ ಹೊಂಚುತ್ತಿದ್ದಾನೆಂದು ಚಿತ್ರದ ಜಾಹೀರಾತು ಸಾರಿತು. ಚಿತ್ರಕ್ಕಿಂತಲೂ ಹೆಚ್ಚಾಗಿ ಈ ವಾಕ್ಯವು ಅವರನ್ನು ಕೆರಳಿಸಿತು. ಊರಿಗೆ ಅಪಕೀರ್ತಿಯೆಂದೂ, ಸಂತ್ರಸ್ತ ಕುಟುಂಬಗಳಿಗೆ ನೋವೆಂದೂ ಪ್ರತಿಭಟನೆ ನಡೆದರೂ ಜಾಹೀರಾತಿನಲ್ಲಿ ವಾಕ್ಯವು ಹಾಗೆಯೇ ನಿಂತಿತು.

ಎರಡನೆಯವರು ಮೃತರ ಬಂಧುಗಳು. ಹತಳಾದ ತರುಣಿಯೊಬ್ಬಳ ಸಹೋದರನು ೧೯೭೮ರಲ್ಲಿ ಚಿತ್ರದ ನಿರ್ಮಾಪಕರ ಮೇಲೆ ದಾವೆ ಹೂಡಿದನು. ತನ್ನ ಸಹೋದರಿಯನ್ನು ವಿದ್ಯಾಭ್ಯಾಸ ಬಿಟ್ಟವಳೆಂದೂ ಶೀಲಗೆಟ್ಟವಳೆಂದೂ ತೋರಿಸಿರುವುದು ಸುಳ್ಳೆಂಬುದು ಅವನ ವಾದ; ೧೩ ಲಕ್ಷ ಡಾಲರು ಪರಿಹಾರವು ಅವನ ಬೇಡಿಕೆ. ಪ್ರಕರಣವು ಮೇಲ್ಮನವಿಯಾಗಿ ಟೆಕ್ಸಾರ್ಕಾನಾದಲ್ಲಿಯೇ ಕುಳಿತಿದ್ದ ನ್ಯಾಯಾಲಯಕ್ಕೆ ಬಂದಿತು. ಖಾಸಗಿತನದ ಹಕ್ಕು ವ್ಯಕ್ತಿಗೆ ಮಾತ್ರ ಸೇರಿದ್ದು, ಮರಣದೊಡನೆ ಅದು ಮುಗಿಯುವುದು, ಬಂಧುಗಳು ಮೃತರ ಪರವಾಗಿ ಅದನ್ನು ಸಾಧಿಸಲಾಗದು ಎಂಬ ನ್ಯಾಯದಂತೆ ೧೯೭೯ರಲ್ಲಿ ತೀರ್ಪು ಅವನಿಗೆ ವಿರೋಧವಾಯಿತು. ಕಾನೂನಿನ ದೃಷ್ಟಿಯಿಂದ ಈ ತೀರ್ಪಿಗೆ ಆಧಾರವುಂಟು. ಇತಿಹಾಸವನ್ನು ಬರೆಯುವವರೂ ಈ ನಿಯಮದಿಂದಲೇ ಸ್ವತಂತ್ರರಾಗಿದ್ದಾರೆಂಬುದನ್ನು ಮರೆಯಲಾಗದು. ಆದರೆ ಅದರ ಫಲವಿಷ್ಟು: ಬದುಕಿರುವವನ ಮೇಲೆ ಹೇಳಿದ ಸುಳ್ಳಿಗೆ ಉತ್ತರ ಕೊಡಬೇಕಾಗುತ್ತದೆ; ಕೊಲೆಯಾದವಳ ಮೇಲೆ ಹೇಳಿದುದಕ್ಕೆ ಕೇಳುವವರಿಲ್ಲ.

ಮೂರನೆಯವರು ಸಾಮಾನ್ಯ ಪ್ರೇಕ್ಷಕರು. ಚಿತ್ರವು ತನಗೆ ತಗುಲಿದ ವೆಚ್ಚದ ಹಲವು ಪಾಲನ್ನು ಗಳಿಸಿದುದರಿಂದ ಅವರ ಮನ್ನಣೆಯು ಸ್ಪಷ್ಟವಾಗಿದೆ. ಭೀಕರವಾದ ಕೊಲೆಯ ಮಗ್ಗುಲಲ್ಲಿಯೇ ಪೋಲೀಸರ ಕೋಡಂಗಿತನವನ್ನಿಟ್ಟಿರುವುದು ರಸಭಂಗವೆಂಬ ಆಕ್ಷೇಪವು ಅಂದಿನಿಂದಲೂ ಇದೆ. ಈ ಆಕ್ಷೇಪವು ನ್ಯಾಯವಾದುದೇ. ಭಯಾನಕವೂ ಹಾಸ್ಯವೂ ಅಲ್ಲಿ ಒಂದನ್ನೊಂದು ಕೊಲ್ಲುತ್ತವೆ. ಆದಾಗ್ಯೂ ಮುಖವಿಲ್ಲದ, ಮಾತಾಡದ, ಶಿಕ್ಷೆಗೊಳಗಾಗದ ಕೊಲೆಗಾರನ ರೂಪವು ಪ್ರೇಕ್ಷಕರ ಮನಸ್ಸಿನಲ್ಲಿ ನೆಲೆಗೊಂಡಿತು. ಚಿತ್ರದ ಅಂತ್ಯವೂ ಅದಕ್ಕೆ ಸಹಾಯಕವಾಗಿದೆ: ಅದೇ ಚಿತ್ರವನ್ನು ನೋಡಲು ಸಾಲುಗಟ್ಟಿ ನಿಂತ ಜನರ ನಡುವೆ ಕೊಲೆಗಾರನ ಪಾದರಕ್ಷೆಗಳು ಕಾಣುತ್ತವೆ. ಪ್ರೇಕ್ಷಕನು ತನ್ನ ಪಕ್ಕದವನನ್ನು ಅನುಮಾನದಿಂದ ನೋಡುವಂತೆ ಇದನ್ನು ಹೂಡಿದೆ.

೬

ಕಾಲಾನುಕ್ರಮದಲ್ಲಿ ಚಿತ್ರದ ಪ್ರಭಾವವು ಮತ್ತೆರಡು ದಿಕ್ಕುಗಳಲ್ಲಿ ಹರಿಯಿತು. ೧೯೮೧ರ ‘ಫ್ರೈಡೇ ದಿ ಥರ್ಟೀಂತ್’ ಎರಡನೆಯ ಭಾಗದಲ್ಲಿ ಕೊಲೆಗಾರನು ಇಂತಹುದೇ ಚೀಲವನ್ನು ತಲೆಗೆ ಧರಿಸಿ ಬರುತ್ತಾನೆ. ೧೯೯೬ರ ‘ಸ್ಕ್ರೀಮ್’ ಚಿತ್ರದಲ್ಲಿ, ಸಣ್ಣ ಊರೊಂದು ಕೊಲೆಗಳಿಂದ ತಲ್ಲಣಿಸುವಾಗ, ಹೋಲಿಕೆಗಾಗಿ ಟೆಕ್ಸಾರ್ಕಾನಾದ ಈ ಚಿತ್ರದ ಹೆಸರನ್ನೇ ಎತ್ತಲಾಗುತ್ತದೆ. ಇದು ಒಂದು ದಿಕ್ಕು.

ಎರಡನೆಯದು ಆ ಊರಿನೊಳಗಿನದು. ಒಮ್ಮೆ ಪ್ರತಿಭಟಿಸಿದ್ದ ಊರೇ ಚಿತ್ರವನ್ನು ತನ್ನದಾಗಿ ಮಾಡಿಕೊಂಡಿತು. ಈ ಶತಮಾನದ ಆದಿಯಲ್ಲಿ ಅಲ್ಲಿಯ ಉದ್ಯಾನಗಳ ಇಲಾಖೆಯವರು ಅಕ್ಟೋಬರು ತಿಂಗಳ ಹ್ಯಾಲೊವೀನ್ ಹಬ್ಬದ ಸಮಯದಲ್ಲಿ, ಸ್ಪ್ರಿಂಗ್ ಲೇಕ್ ಎಂಬ ಉದ್ಯಾನದಲ್ಲಿ, ಸಾರ್ವಜನಿಕರಿಗೆ ಈ ಚಿತ್ರವನ್ನು ತೋರಿಸುವ ಸಂಪ್ರದಾಯವನ್ನು ಆರಂಭಿಸಿದರು. ೧೯೪೬ರ ಏಪ್ರಿಲ್‌ನಲ್ಲಿ ಹತರಾದ ಇಬ್ಬರ ಮೋಟಾರು ದೊರೆತುದು ಅದೇ ಉದ್ಯಾನದ ಬಳಿಯಲ್ಲಿ.

ಇದನ್ನು ಕೇವಲ ನಿರ್ದಯತೆಯೆಂದು ತಿರಸ್ಕರಿಸುವುದು ಸುಲಭ. ಆದರೆ ಭೀತಿಯ ಸ್ಥಾನವನ್ನು ಉತ್ಸವದ ಸ್ಥಾನವನ್ನಾಗಿ ಮಾಡಿಕೊಳ್ಳುವುದು ಜನಸಮುದಾಯಗಳ ಹಳೆಯ ಪದ್ಧತಿ. ಕೊಲೆಗಾರನು ಸಿಕ್ಕಿದ್ದರೆ, ವಿಚಾರಣೆಯೂ ತೀರ್ಪೂ ನಡೆದಿದ್ದರೆ, ಊರಿನ ನೆನಪಿಗೆ ಒಂದು ಕೊನೆಯಿರುತ್ತಿತ್ತು. ನ್ಯಾಯಾಸ್ಥಾನವು ಕೊಡಲಾರದ ಆಕಾರವನ್ನು ಚಿತ್ರಮಂದಿರವು ಕೊಟ್ಟಿತು. ಜನರು ಅದನ್ನು ಹಿಡಿದುಕೊಂಡರು.

೨೦೧೪ರಲ್ಲಿ ಅದೇ ಹೆಸರಿನ ಮತ್ತೊಂದು ಚಿತ್ರವು ಅಲ್ಫಾನ್ಸೊ ಗೋಮೆಜ್-ರೆಹೋನ್ ಎಂಬವನ ನಿರ್ದೇಶನದಲ್ಲಿ ಬಂದಿತು. ಅದರ ಕಥೆಯಲ್ಲಿ ಟೆಕ್ಸಾರ್ಕಾನಾದ ಜನರು ೧೯೭೬ರ ಚಿತ್ರವನ್ನು ನೋಡುತ್ತಿರುವಾಗ ಹೊಸ ಕೊಲೆಗಳು ಆರಂಭವಾಗುತ್ತವೆ. ಈ ಹೊಸ ಕೊಲೆಗಾರನು ಅನುಸರಿಸುವುದು ೧೯೪೬ರ ಘಟನೆಗಳನ್ನಲ್ಲ, ಹಳೆಯ ಚಿತ್ರದ ದೃಶ್ಯಗಳನ್ನು. ಟ್ರಾಂಬೋನಿನ ಇರಿತವೂ ಅಲ್ಲಿ ಮರಳಿ ಬರುತ್ತದೆ. ನಡೆಯದೆ ಇದ್ದ ಒಂದು ಸಂಗತಿಯು ಮೊದಲು ನಿಜವೆಂದು ಪ್ರಚಾರಗೊಂಡು, ಬಳಿಕ ಅನುಕರಣೆಗೆ ಮೂಲವೂ ಆಯಿತು.

ಅದೇ ೨೦೧೪ರಲ್ಲಿ, ಅಂದಿನ ಷೆರಿಫ್ ಬಿಲ್ ಪ್ರೆಸ್ಲಿಯ ಬಂಧುವೂ ಇತಿಹಾಸಕಾರನೂ ಆದ ಜೇಮ್ಸ್ ಪ್ರೆಸ್ಲಿಯು ಕಡತಗಳನ್ನೂ ಹೇಳಿಕೆಗಳನ್ನೂ ಪರಿಶೋಧಿಸಿ ಈ ಕೊಲೆಗಳ ಮೇಲೆ ಗ್ರಂಥವೊಂದನ್ನು ಪ್ರಕಟಿಸಿದನು. ಚಿತ್ರದಷ್ಟು ವೇಗದಿಂದ ಗ್ರಂಥವು ಹರಡಲಾರದು. ಆದರೂ ಐತಿಹ್ಯದ ಮಗ್ಗುಲಲ್ಲಿ ಇತಿಹಾಸವನ್ನು ನಿಲ್ಲಿಸುವ ಕಾರ್ಯಕ್ಕೆ ಬೇರೆ ಮಾರ್ಗವಿಲ್ಲ. ಟ್ರಾಂಬೋನಿನ ದೃಶ್ಯವನ್ನು ಜನರು ಇನ್ನೂ ಬಹುಕಾಲ ನೋಡುತ್ತಿರಬಹುದು. ಪೊದೆಯಲ್ಲಿ ಆರು ತಿಂಗಳು ಬಿದ್ದಿದ್ದುದು ಸ್ಯಾಕ್ಸಫೋನೆಂಬುದನ್ನೂ, ಅದನ್ನು ನುಡಿಸುತ್ತಿದ್ದವಳು ಹದಿನೈದು ವಯಸ್ಸಿನವಳೆಂಬುದನ್ನೂ ಎಲ್ಲಿಯಾದರೂ ಸರಿಯಾಗಿ ಬರೆದಿಟ್ಟಿರಬೇಕು. ಮೃತರಿಗೆ ಕಾನೂನು ಕೊಡಲಾರದ ನ್ಯಾಯದಲ್ಲಿ ಅಷ್ಟು ಭಾಗವನ್ನಾದರೂ ಇತಿಹಾಸವು ಸಲ್ಲಿಸಬಲ್ಲುದು.