ಕಂಪ್ಯೂಟರ್ ಆಟಗಳಿಗೆ ನಕಲು-ತಡೆ ಬೀಗ: ಕೀಲಿಕೈ ಯಾರ ಬಳಿ?

ಕಂಪ್ಯೂಟರ್ ಆಟದ ಅನಧಿಕೃತ ಪ್ರತಿಗಳು ಹರಡದಂತೆ ತಯಾರಕರು ಆಟದೊಡನೆ ಸೇರಿಸುವ ತಂತ್ರಾಂಶಕ್ಕೆ ನಕಲು-ತಡೆ ತಂತ್ರಾಂಶವೆಂದು ಹೆಸರು. ದೊಡ್ಡ ಆಟವೊಂದರ ಹಿಂದೆ ನೂರಾರು ಜನರ ಹಲವು ವರ್ಷಗಳ ದುಡಿಮೆ ಇರುತ್ತದೆ. ಆದ್ದರಿಂದ ಅದಕ್ಕೆ ಬೀಗ ಹಾಕಬೇಕೆಂಬ ತಯಾರಕರ ಬಯಕೆ ಅಸಹಜವೇನಲ್ಲ. ಆದರೆ ಈ ಬೀಗದ ಇತಿಹಾಸವನ್ನು ಅವಲೋಕಿಸಿದಾಗ ಒಂದು ವೈಪರೀತ್ಯ ಎದ್ದು ಕಾಣುತ್ತದೆ. ಕದಿಯುವವರು ಬೀಗವನ್ನು ಒಡೆದು ನಿಶ್ಚಿಂತರಾಗಿರುತ್ತಾರೆ; ಅದರ ಕಾಟವೆಲ್ಲ ಹಣ ತೆತ್ತು ಕೊಂಡವರ ಪಾಲಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ.

ಕೈಪಿಡಿಯಿಂದ ಸಿ.ಡಿ.ಗೆ

ಆರಂಭದ ಬೀಗಗಳು ನಿರುಪದ್ರವಿಗಳಾಗಿದ್ದವು. 1989ರ ‘ಪ್ರಿನ್ಸ್ ಆಫ್ ಪರ್ಷಿಯಾ’ದಲ್ಲಿ ಮೊದಲ ಹಂತ ಮುಗಿದೊಡನೆ ಅಕ್ಷರಗಳಿದ್ದ ಸೀಸೆಗಳು ಎದುರಾಗುತ್ತಿದ್ದವು. ಮುದ್ರಿತ ಕೈಪಿಡಿಯ ಇಂಥ ಪುಟದ ಇಂಥ ಪದದ ಮೊದಲ ಅಕ್ಷರ ಯಾವುದೆಂದು ನೋಡಿ, ಅದೇ ಸೀಸೆಯನ್ನು ಕುಡಿಯಬೇಕಿತ್ತು. ಕೈಪಿಡಿ ಇಲ್ಲದವರು ಅಲ್ಲಿಗೇ ನಿಲ್ಲಬೇಕು.

ಸಿ.ಡಿ.ಗಳು ಬಂದ ಮೇಲೆ ಬೀಗವೂ ತಟ್ಟೆಗೆ ವರ್ಗವಾಯಿತು. ಸಾಮಾನ್ಯ ನಕಲಿನಲ್ಲಿ ಮೂಡದಂಥ ದೋಷಗಳನ್ನು ಸಿ.ಡಿ.ಯ ಕೆಲವು ಭಾಗಗಳಲ್ಲಿ ಬೇಕೆಂದೇ ಇರಿಸಿ, ಆಟ ತೆರೆಯುವಾಗ ಅವು ಇವೆಯೇ ಎಂದು ಪರೀಕ್ಷಿಸುವುದು ಇದರ ಒಂದು ವಿಧಾನ. ಮ್ಯಾಕ್ರೋವಿಷನ್‌ನ ಸೇಫ್‌ಡಿಸ್ಕ್, ಸೋನಿ ಡಿ.ಎ.ಡಿ.ಸಿ.ಯ ಸೆಕ್ಯುರಾಮ್, ರಷ್ಯಾದ ಸ್ಟಾರ್‌ಫೋರ್ಸ್ ಆ ಕಾಲದ ಪ್ರಮುಖ ತಂತ್ರಾಂಶಗಳು.

ವ್ಯವಸ್ಥೆಯ ಒಳಮನೆಗೆ

ಸಿ.ಡಿ. ಅಸಲಿಯೋ ನಕಲಿಯೋ ಎಂಬುದನ್ನು ಪತ್ತೆಹಚ್ಚಲು ಇಂಥ ಕೆಲವು ತಂತ್ರಾಂಶಗಳು ಡ್ರೈವರ್ ಎಂಬ ಘಟಕವನ್ನು ಅನುಸ್ಥಾಪಿಸಿಕೊಳ್ಳುತ್ತಿದ್ದವು. ಡ್ರೈವರ್ ಕೆಲಸ ಮಾಡುವುದು ಕಾರ್ಯಾಚರಣ ವ್ಯವಸ್ಥೆಯ ತಿರುಳಿನಲ್ಲಿ, ಅತ್ಯುನ್ನತ ಅಧಿಕಾರದೊಡನೆ. ಆಟದಲ್ಲಿ ದೋಷವಿದ್ದರೆ ಆಟ ಕೆಡುತ್ತದೆ. ಡ್ರೈವರ್‌ನಲ್ಲಿ ದೋಷವಿದ್ದರೆ ಇಡೀ ಕಂಪ್ಯೂಟರ್ ಅಪಾಯಕ್ಕೆ ಸಿಲುಕುತ್ತದೆ.

ಈ ಅಪಾಯ ಕೇವಲ ಊಹೆಯಾಗಿ ಉಳಿಯಲಿಲ್ಲ. ಸೇಫ್‌ಡಿಸ್ಕ್‌ನ ಡ್ರೈವರ್ ವಿಂಡೋಸ್ ಎಕ್ಸ್‌ಪಿಯ ಜೊತೆಯಲ್ಲೇ ಬರುತ್ತಿತ್ತು. ಸಾಮಾನ್ಯ ಬಳಕೆದಾರನ ಮಟ್ಟದಿಂದ ಪೂರ್ಣಾಧಿಕಾರ ಗಳಿಸಲು ಎಡೆಮಾಡುವ ದೋಷವೊಂದು 2007ರಲ್ಲಿ ಅದರಲ್ಲಿ ಬಯಲಾಯಿತು. ದುರುಳರು ಅದನ್ನು ಬಳಸಿಕೊಳ್ಳುತ್ತಿದ್ದುದೂ ಕಂಡುಬಂತು. ಮೈಕ್ರೋಸಾಫ್ಟ್ ಆ ವರ್ಷದ ಡಿಸೆಂಬರ್‌ನಲ್ಲಿ ತೇಪೆ ಹಚ್ಚಿತು. ಒಂದು ದಿನವೂ ಆಟವಾಡದವರ ಕಂಪ್ಯೂಟರಿಗೂ ಈ ಅಪಾಯ ತಟ್ಟಿತ್ತು. ಕಾವಲಿಗೆಂದು ಬಂದ ಬೇಲಿಯೇ ಎದ್ದು ಹೊಲ ಮೇಯ್ದ ಪ್ರಸಂಗವಿದು.

ಸ್ಟಾರ್‌ಫೋರ್ಸ್ ಬಗ್ಗೆಯೂ ಬಳಕೆದಾರರ ದೂರುಗಳು ಹೆಚ್ಚಿದ್ದವು. ಆಟವನ್ನು ತೆಗೆದುಹಾಕಿದರೂ ಅದರ ಡ್ರೈವರ್ ಉಳಿದುಬಿಡುತ್ತದೆ ಎಂಬುದು ಅವುಗಳಲ್ಲೊಂದು. 2006ರಲ್ಲಿ ಯೂಬಿಸಾಫ್ಟ್ ಸಂಸ್ಥೆಯು ಅದರ ಬಳಕೆಯನ್ನು ಕೈಬಿಟ್ಟಿತು.

ಎಣಿಸಿ ಕೊಟ್ಟ ಅನುಮತಿ

ಅಂತರಜಾಲ ವ್ಯಾಪಕವಾದಂತೆ ಬೀಗದ ಕೀಲಿಕೈ ತಯಾರಕರ ಸರ್ವರ್‌ಗೆ ಸೇರಿತು. 2008ರ ಸೆಪ್ಟೆಂಬರ್‌ನಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಬಿಡುಗಡೆ ಮಾಡಿದ ‘ಸ್ಪೋರ್’ ಆಟವನ್ನು ಮೊದಲಿಗೆ ಮೂರು ಕಂಪ್ಯೂಟರ್‌ಗಳಲ್ಲಿ ಮಾತ್ರ ಸಕ್ರಿಯಗೊಳಿಸಲು ಅವಕಾಶವಿತ್ತು. ಸಿಟ್ಟಿಗೆದ್ದ ಗ್ರಾಹಕರು ಅಮೆಜಾನ್‌ನಲ್ಲಿ ಆ ಆಟಕ್ಕೆ ಸಾಲುಸಾಲಾಗಿ ಒಂದೇ ನಕ್ಷತ್ರದ ವಿಮರ್ಶೆ ಬರೆದರು. ಸೆಕ್ಯುರಾಮ್ ಅನುಸ್ಥಾಪನೆಯಾಗುವ ವಿಷಯವನ್ನು ತಿಳಿಸಲಿಲ್ಲವೆಂದು ಅಮೆರಿಕದಲ್ಲಿ ಮೊಕದ್ದಮೆಯೂ ದಾಖಲಾಯಿತು. ಕಂಪನಿ ಮಿತಿಯನ್ನು ಐದಕ್ಕೆ ಏರಿಸಿತು. ಇತ್ತ ಬೀಗ ಒಡೆದ ಪ್ರತಿಗಳು ಅಧಿಕೃತ ಬಿಡುಗಡೆಗೆ ಮೊದಲೇ ಅಂತರಜಾಲದಲ್ಲಿ ಹರಿದಾಡಿದ್ದವು. ಅವುಗಳಿಗೆ ಯಾವ ಮಿತಿಯೂ ಇರಲಿಲ್ಲ.

2010ರಲ್ಲಿ ಯೂಬಿಸಾಫ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ‘ಅಸ್ಯಾಸಿನ್ಸ್ ಕ್ರೀಡ್ 2’ ಆಟವನ್ನು ಒಬ್ಬರೇ ಆಡುವುದಾದರೂ ಅಂತರಜಾಲ ಸಂಪರ್ಕ ಸತತವಾಗಿ ಇರಬೇಕಿತ್ತು. ಮಾರ್ಚ್‌ನಲ್ಲಿ ಸಂಸ್ಥೆಯ ಸರ್ವರ್‌ಗಳ ಮೇಲೆ ದಾಳಿ ನಡೆದಾಗ, ಹಣ ಕೊಟ್ಟು ಕೊಂಡಿದ್ದ ಹಲವರಿಗೆ ಆಟವಾಡಲಾಗಲಿಲ್ಲ.

ಬೀಗ ತುಕ್ಕು ಹಿಡಿದಾಗ

ಆಟಕ್ಕಿಂತ ಬೀಗದ ಆಯುಷ್ಯ ಕಡಿಮೆ ಎಂಬುದು ಅತಿ ಗಂಭೀರ ಸಮಸ್ಯೆ. 2015ರಲ್ಲಿ ಬಂದ ವಿಂಡೋಸ್ 10 ಸುರಕ್ಷತೆಯ ಕಾರಣದಿಂದ ಸೇಫ್‌ಡಿಸ್ಕ್‌ಗೆ ಬೆಂಬಲ ನೀಡಲಿಲ್ಲ. ಪರಿಣಾಮವಾಗಿ ಒಂದು ಕಾಲದಲ್ಲಿ ಜನರು ಕೊಂಡಿದ್ದ ಎಷ್ಟೋ ಅಸಲಿ ಸಿ.ಡಿ.ಗಳು ಹೊಸ ಕಂಪ್ಯೂಟರ್‌ಗಳಲ್ಲಿ ನಿರುಪಯುಕ್ತವಾದವು. 2021ರಲ್ಲಿ ಇಂಟೆಲ್ ಎರಡು ಬಗೆಯ ಸಂಸ್ಕರಣಾ ಕೋರ್‌ಗಳಿರುವ ಪ್ರೊಸೆಸರ್‌ಗಳನ್ನು ತಂದಾಗ, ಕೆಲವು ನಕಲು-ತಡೆ ತಂತ್ರಾಂಶಗಳು ಒಂದೇ ಕಂಪ್ಯೂಟರನ್ನು ಎರಡೆಂದು ಭ್ರಮಿಸಿದ್ದರಿಂದ ಹಲವು ಆಟಗಳು ಕೈಕೊಟ್ಟವು.

ಸರ್ವರ್ ಮುಚ್ಚಿದರಂತೂ ಆಟವೇ ಇಲ್ಲವಾಗುತ್ತದೆ. 2014ರಲ್ಲಿ ಬಂದ ಯೂಬಿಸಾಫ್ಟ್‌ನ ‘ದಿ ಕ್ರೂ’ ಆಟದ ಸರ್ವರ್‌ಗಳನ್ನು 2024ರ ಮಾರ್ಚ್ 31ರಂದು ನಿಲ್ಲಿಸಲಾಯಿತು. ಕೊಂಡವರು ಒಬ್ಬರೇ ಆಡುವ ಭಾಗವನ್ನೂ ಕಳೆದುಕೊಂಡರು. ಇದರಿಂದ ಹುಟ್ಟಿದ ಚಳವಳಿಯ ಮನವಿಗೆ ಐರೋಪ್ಯ ಒಕ್ಕೂಟದಲ್ಲಿ 2025ರ ಜುಲೈ ವೇಳೆಗೆ 10 ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದವು.

ಕಾನೂನು ಏನೆನ್ನುತ್ತದೆ?

ಅಮೆರಿಕದ 1998ರ ಡಿಜಿಟಲ್ ಕೃತಿಸ್ವಾಮ್ಯ ಕಾಯ್ದೆ ಇಂಥ ಬೀಗ ಒಡೆಯುವುದನ್ನು ನಿಷೇಧಿಸುತ್ತದೆ. ಆದರೆ ಆಟಗಳ ಬೀಗದಲ್ಲಿನ ಸುರಕ್ಷತಾ ದೋಷಗಳನ್ನು ಸದುದ್ದೇಶದಿಂದ ಶೋಧಿಸಲು 2010ರಲ್ಲಿ ವಿನಾಯಿತಿ ದೊರೆಯಿತು. ದೃಢೀಕರಣ ಸರ್ವರ್ ಮುಚ್ಚಿಹೋದ ಆಟಗಳನ್ನು ಆಡುವ ಸ್ಥಿತಿಗೆ ತರಲು 2015ರಲ್ಲಿ ಸೀಮಿತ ವಿನಾಯಿತಿ ಸಿಕ್ಕಿತು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ, ಮಾರಾಟಗಾರರು ಕೊಡುತ್ತಿರುವುದು ಕೇವಲ ಪರವಾನಗಿ ಎಂಬುದನ್ನು ಸ್ಪಷ್ಟಪಡಿಸದೆ ‘ಖರೀದಿಸಿ’ ಎಂಬ ಪದವನ್ನು ಬಳಸುವಂತಿಲ್ಲ.

ಭಾರತದಲ್ಲಿ 2012ರ ತಿದ್ದುಪಡಿಯ ಮೂಲಕ ಕೃತಿಸ್ವಾಮ್ಯ ಕಾಯ್ದೆಗೆ 65ಎ ಕಲಂ ಸೇರಿತು. ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ಒಡೆದವರಿಗೆ ಎರಡು ವರ್ಷಗಳವರೆಗೆ ಸೆರೆವಾಸ ಮತ್ತು ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ‘ಉದ್ದೇಶ’ ಎಂಬುದು ಇಲ್ಲಿ ಗಮನಾರ್ಹ ಪದ. ನ್ಯಾಯಬದ್ಧವಾಗಿ ಪಡೆದ ತಂತ್ರಾಂಶವು ಹಾಳಾದರೆ ಇರಲೆಂದು ಒಂದು ರಕ್ಷಣಾ ಪ್ರತಿ ಮಾಡಿಟ್ಟುಕೊಳ್ಳುವುದಕ್ಕೆ ಅದೇ ಕಾಯ್ದೆಯ 52ನೇ ಕಲಂ ಸಮ್ಮತಿಸುತ್ತದೆ.

ಕೊಳ್ಳುವ ಮುನ್ನ

ಆಟವನ್ನು ಕೊಳ್ಳುವವರು ಮೂರು ಸಂಗತಿಗಳನ್ನು ವಿಚಾರಿಸುವುದು ಒಳ್ಳೆಯದು: ಯಾವ ನಕಲು-ತಡೆ ತಂತ್ರಾಂಶವಿದೆ, ಆಡಲು ಅಂತರಜಾಲ ಸದಾ ಬೇಕೇ, ಎಷ್ಟು ಕಂಪ್ಯೂಟರ್‌ಗಳಲ್ಲಿ ಸಕ್ರಿಯಗೊಳಿಸಬಹುದು. ಆಟದ ಮಾರಾಟ ಪುಟದಲ್ಲಿ ಈ ವಿವರಗಳು ಸಾಮಾನ್ಯವಾಗಿ ಕಡೆಯ ಸಾಲುಗಳಲ್ಲಿರುತ್ತವೆ. ಬೀಗವಿಲ್ಲದ ಆಟಗಳನ್ನೇ ಮಾರುವ ಜಿ.ಓ.ಜಿ.ಯಂಥ ಮಳಿಗೆಯು 2008ರಿಂದ ನಡೆದುಕೊಂಡು ಬಂದಿದೆ. ಅಲ್ಲಿಂದ ಇಳಿಸಿಕೊಂಡ ಕಡತವನ್ನು ಕಾಪಿಟ್ಟುಕೊಂಡರೆ, ಮಳಿಗೆ ಮುಚ್ಚಿದರೂ ಯಾರ ಅನುಮತಿಗೂ ಕಾಯದೆ ಆಟವನ್ನು ಮತ್ತೆ ಅನುಸ್ಥಾಪಿಸಬಹುದು. ಮನೆಯನ್ನು ಕೊಂಡವನ ಕೈಯಲ್ಲಿ ಅದರ ಕೀಲಿಕೈಯೂ ಇರಬೇಕೆಂಬುದು ಲೋಕರೂಢಿ. ಕಂಪ್ಯೂಟರ್ ಆಟಗಳ ವಿಷಯದಲ್ಲಿ ಗ್ರಾಹಕರು ಕೇಳುತ್ತಿರುವುದು ಅಷ್ಟನ್ನೇ.