ಶಾಸನಸಂಪುಟಗಳಲ್ಲಿ ಉಳಿದುದು ಮತ್ತು ಬಿಟ್ಟುದು

ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳ ಶಾಸನಗಳು ಬಿ. ಎಲ್. ರೈಸ್ ಅವರ 'ಎಪಿಗ್ರಾಫಿಯ ಕರ್ನಾಟಿಕ'ದ ಏಳನೆಯ ಸಂಪುಟದಲ್ಲಿ 1902ರಲ್ಲಿಯೂ, ಜಗಳೂರಿನವು ಹನ್ನೊಂದನೆಯ ಸಂಪುಟದಲ್ಲಿ 1903ರಲ್ಲಿಯೂ ಪ್ರಕಟವಾದುವು. ಈ ಸೀಮೆಯ ಚರಿತ್ರೆಯನ್ನು ಬರೆಯಹೊರಟವರೆಲ್ಲರೂ ಅವುಗಳಿಗೆ ಋಣಿಗಳು. ಆದರೆ ದಾಖಲೆಯ ಯಾವ ಅಂಗವನ್ನು ಓದುಗನಿಗೆ ತೋರಿಸಬೇಕು, ಯಾವುದನ್ನು ತಡೆಯಬೇಕು ಎಂಬ ನಿರ್ಣಯವೂ ಆ ಪುಟಗಳಲ್ಲಿ ಅಡಗಿದೆ. ಇಂದು ಗಣಕಯಂತ್ರದ ತಂತ್ರಾಂಶಗಳು ತಮ್ಮ ನಡೆಯನ್ನು ಸಾಲುಸಾಲಾಗಿ ಬರೆದಿಡುವ ಲಾಗ್‌ಗಳಲ್ಲಿಯೂ ಕಾಲ, ಮೂಲ, ಮಟ್ಟ, ಸಂದೇಶ ಇವುಗಳಲ್ಲಿ ಯಾವುದು ಕಾಣಬೇಕೆಂದು ಮೊದಲೇ ಗೊತ್ತುಮಾಡುವರಷ್ಟೆ, ಪ್ರಶ್ನೆ ಹೊಸದಲ್ಲ.

ರೈಸ್ ಅವರು ಪ್ರತಿಯೊಂದು ಶಾಸನಕ್ಕೂ ತಾಲ್ಲೂಕಿನ ಹೆಸರು, ಕ್ರಮಾಂಕ, ಊರು, ಕಲ್ಲಿರುವ ಸ್ಥಳ ಇವನ್ನು ತಪ್ಪದೆ ಕೊಟ್ಟರು. ಕಾಲವು ಊಹೆಯದಾದಲ್ಲಿ ಪ್ರಶ್ನಾರ್ಥಕ ಚಿಹ್ನೆಯನ್ನಿಟ್ಟರು. ಈ ಚಿಕ್ಕ ಚಿಹ್ನೆಯನ್ನು ಬಿಟ್ಟು ವರ್ಷವನ್ನು ಮಾತ್ರ ಎತ್ತಿಕೊಂಡರೆ ಊಹೆಯು ನಿಶ್ಚಯವಾಗಿಬಿಡುತ್ತದೆ.

ಇಂಗ್ಲಿಷ್ ಅನುವಾದದ ಸಂಗತಿ ಬೇರೆ. ಅಲ್ಲಿ ರಾಜನ ಬಿರುದಾವಳಿ ಬಂದೊಡನೆ 'ವಾಡಿಕೆಯ ಬಿರುದುಗಳೊಡನೆ' ಎಂದೂ, ಕೊನೆಯ ಶಾಪಶ್ಲೋಕಗಳಿಗೆ 'ವಾಡಿಕೆಯ ಅಂತ್ಯಪದ್ಯಗಳು' ಎಂದೂ ಕಂಸದಲ್ಲಿ ಹೇಳಿ ಮುಗಿಸುವುದುಂಟು. ಸಾವಿರಾರು ಶಾಸನಗಳನ್ನು ಅಚ್ಚಿಗೆ ಕೊಡಬೇಕಾಗಿದ್ದವರಿಗೆ ಈ ಸಂಕ್ಷೇಪ ಅನಿವಾರ್ಯವಾಗಿದ್ದಿರಬೇಕು; ನಾವು ಅದನ್ನು ದೂಷಿಸುವುದಿಲ್ಲ. ಆದರೂ ಬಿರುದೆಂಬುದು ಬರಿಯ ಅಲಂಕಾರವಲ್ಲ. 'ಸಮಸ್ತಭುವನಾಶ್ರಯ' ಎಂದು ಮೊದಲಾಗುವುದು ಕಲ್ಯಾಣದ ಚಾಳುಕ್ಯ ಚಕ್ರವರ್ತಿಯ ಬಿರುದು; 'ಸಮಧಿಗತ ಪಂಚಮಹಾಶಬ್ದ ಮಹಾಮಂಡಲೇಶ್ವರ' ಎಂಬುದು ಸಾಮಂತನದು. ಉಚ್ಚಂಗಿಯ ಪಾಂಡ್ಯರಂತಹ ಮನೆತನಗಳ ಸ್ಥಾನಮಾನವನ್ನು ಅಳೆಯುವವನಿಗೆ ಈ ಪದಗಳೇ ಆಧಾರ. ವಾಡಿಕೆಯೆಂದು ಮರೆಯಾದ ಸಾಲಿನಲ್ಲಿ ಒಂದು ಬಿರುದು ಹೆಚ್ಚಿದ್ದರೂ ಕಡಮೆಯಾಗಿದ್ದರೂ ಅನುವಾದವನ್ನಷ್ಟೇ ಓದಿದ ವಿದ್ಯಾರ್ಥಿಗೆ ಅದು ತಿಳಿಯದು. ಪುಣ್ಯಕ್ಕೆ ಅದೇ ಸಂಪುಟದಲ್ಲಿ ಕನ್ನಡ ಮೂಲಪಾಠವನ್ನೂ ಅಚ್ಚುಮಾಡಲಾಗಿದೆ. ಪ್ರಬಂಧಗಳನ್ನು ಬರೆಯುವವರು ಆ ಪುಟಗಳನ್ನು ತೆರೆಯದಿರುವುದು ಸೋಮಾರಿತನವಲ್ಲದೆ ಮತ್ತೇನು?

ತಾಲ್ಲೂಕಿನ ಹೆಸರಿನಲ್ಲಿಯೂ ಒಂದು ತೊಡಕಿದೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗವನ್ನೂ ಜಗಳೂರು ಚಿತ್ರದುರ್ಗವನ್ನೂ ಬಿಟ್ಟುಬಂದುವು. ಈಚೆಗೆ ಹೊನ್ನಾಳಿಯಿಂದ ನ್ಯಾಮತಿ ಬೇರೆಯಾಯಿತು. ಸಿಂದರ ರಾಜಧಾನಿಯಾಗಿದ್ದ ಬೆಳಗುತ್ತಿ ಇಂದು ನ್ಯಾಮತಿಗೆ ಸೇರಿದೆ. ಅದರ ಶಾಸನಗಳನ್ನು ಹುಡುಕುವವನು ಮಾತ್ರ ಹೊನ್ನಾಳಿಯ ಕ್ರಮಾಂಕಗಳಲ್ಲಿಯೇ ನೋಡಬೇಕು. ಹಳೆಯ ಕ್ರಮಾಂಕವನ್ನು ಬದಲಾಯಿಸಿದರೆ ನೂರು ವರ್ಷಗಳ ಉಲ್ಲೇಖಗಳೆಲ್ಲ ದಿಕ್ಕುತಪ್ಪುವುವು. ಆದುದರಿಂದ ಅದನ್ನು ಹಾಗೆಯೇ ಉಳಿಸಿ, ಪಕ್ಕದಲ್ಲಿ ಇಂದಿನ ತಾಲ್ಲೂಕನ್ನು ಬರೆಯುವುದು ಯುಕ್ತವೆಂದು ನಮಗೆ ತೋರುತ್ತದೆ.